ಆಚೆಮನೆ ಅಕ್ಕನ ಕೆರೆ

ಕಳೆದ ವರ್ಷ ಮೂಡಬಿದಿರೆಯಲ್ಲಿ ಒಂದು ಮದುವೆ, ನನ್ನ ತಂಗಿಯ ಮೊಮ್ಮಗಳದ್ದು. ದಿಬ್ಬಣ ಸಭಾಭವನದ ಅಂಗಳದಲ್ಲಿ ಇಳಿಯುವಾಗ ಹುಡುಗನ ಕಡೆಯವರು ಗರ್ನಾಲು ಪಟಾಕಿ ಹೊಡೆದರು. ಸದ್ದಿಗೆ ನಾನು ಬೆಚ್ಚಲಿಲ್ಲ, ಕಿವಿ ಈಗ ಅಷ್ಟು ಚುರುಕಿಲ್ಲ. ಆದರೆ ಹೊಗೆ ತೇಲಿಕೊಂಡು ಒಳಗೆ ಬಂತು. ಸುಟ್ಟ ಮದ್ದಿನ ವಾಸನೆ, ಅದರ ಜೊತೆಗೆ ಆಗಷ್ಟೇ ಹನಿದ ಮಳೆಗೆ ಒದ್ದೆಯಾದ ಮಣ್ಣಿನ ವಾಸನೆ. ಎರಡೂ ಒಟ್ಟಾಗಿ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಶರಬತ್ತಿನ ಲೋಟವನ್ನು ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಹುಡುಗಿಯರು, "ಅಜ್ಜಿಗೆ ಹೊಗೆ ಆಗುವುದಿಲ್ಲ" ಎಂದು ನನ್ನನ್ನು ಎಬ್ಬಿಸಿ ಫ್ಯಾನಿನ ಕೆಳಗೆ ಕೂರಿಸಿದರು. ಒಬ್ಬಳು ನೀರು ತಂದುಕೊಟ್ಟಳು. ಮುಖ ಮುಚ್ಚಿಕೊಂಡದ್ದು ಹೊಗೆಗಲ್ಲ, ಪ್ರಾಯಕ್ಕೂ ಅಲ್ಲ. ಸಿಟ್ಟಿಗೆ. ಅರುವತ್ತು ವರ್ಷ ಹಳೆಯ ಸಿಟ್ಟಿಗೆ ಮುಖ ಮುಚ್ಚಿಕೊಂಡೆ ಎಂದರೆ ಆ ಮಕ್ಕಳು ನಂಬಿಯಾರೇ...

ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ಮರುವರ್ಷ ನನ್ನ ಮದುವೆಯಾಯಿತು. ನಾನು ಬಂಟ್ವಾಳದವಳು, ನೇತ್ರಾವತಿಯ ದಡದಲ್ಲಿ ಬೆಳೆದವಳು. ಕೊಟ್ಟದ್ದು ಶಿರ್ತಾಡಿಗೂ ಬೆಳುವಾಯಿಗೂ ನಡುವಿನ ಒಂದು ಊರಿಗೆ. ಗಂಡ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದವರು. ಮದುವೆಯಾಗಿ ತಿಂಗಳು ತುಂಬುವ ಮೊದಲೇ ಹಡಗು ಹತ್ತಿದರು. ಮನೆಯಲ್ಲಿ ಉಳಿದದ್ದು ಮಾವ, ಅತ್ತೆ ಮತ್ತು ನಾನು. ಮನೆಯ ಮುಂದೆ ಗದ್ದೆ, ಗದ್ದೆಯ ಆಚೆಗೆ ಕೆರೆ, ಕೆರೆಯ ಇನ್ನೊಂದು ದಡದಲ್ಲಿ ಒಂದು ಹುಲ್ಲಿನ ಮಾಡಿನ ಮನೆ. ಅಲ್ಲಿದ್ದವಳನ್ನು ಎಲ್ಲರೂ ಆಚೆಮನೆ ಅಕ್ಕ ಎನ್ನುತ್ತಿದ್ದರು. ಅವಳ ಗಂಡನನ್ನು ಆಚೆಮನೆ ಅಣ್ಣ. ಅವರಿಗೆ ಮಕ್ಕಳಿರಲಿಲ್ಲ. ಅವರೂ ನಾವೂ ಒಬ್ಬರೇ ಧಣಿಗಳ ಒಕ್ಕಲು. ಗದ್ದೆ ಧಣಿಗಳದ್ದು, ಮನೆಯಡಿ ಧಣಿಗಳದ್ದು, ಕೆರೆಯೂ ತಮ್ಮದೇ ಎಂದು ಧಣಿಗಳು ಹೇಳುತ್ತಿದ್ದರು.

ಹೋದ ಹೊಸತರಲ್ಲಿ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದೆ. ಹರಿಯುವ ನೀರಿನಲ್ಲಿ ಈಜಿ ಬೆಳೆದವಳು ನಾನು, ನಿಂತ ನೀರು ನನ್ನನ್ನು ಏನು ಮಾಡೀತು ಎಂದು ಮೆಟ್ಟಿಲು ದಾಟಿ ಇಳಿದೆ. ಅಡಿಯಲ್ಲಿ ಕೆಸರು, ತಾವರೆಯ ದಂಟುಗಳು. ಕಾಲಿಗೆ ಸುತ್ತಿಕೊಂಡು ಮುಳುಗಿಯೇ ಬಿಟ್ಟೆ. ಯಾರೋ ಜುಟ್ಟು ಹಿಡಿದು ಎಳೆದರು. ಮೇಲೆ ಬಂದು ಕಣ್ಣು ಬಿಟ್ಟರೆ ಎಲೆ ಅಡಿಕೆ ತುಂಬಿದ ಬಾಯಿಯ, ಅಗಲ ಭುಜದ ಒಬ್ಬ ಹೆಂಗಸು.

"ಹೊಳೆ ಬದಿಯವಳು ಕೆರೆಯಲ್ಲಿ ಮುಳುಗಿ ಸತ್ತರೆ ನಾಳೆ ನಮ್ಮ ಊರಿಗೆ ಹೆಣ್ಣು ಕೊಡುವುದು ಯಾರು ಮಾರಾಯ್ತಿ" ಎಂದು ಬೈದು, ಎಲೆ ಅಡಿಕೆ ಉಗಿದು ನಗತೊಡಗಿದಳು. ನಾನು ಅಳುತ್ತಿದ್ದೆ, ಅವಳು ನಗುತ್ತಿದ್ದಳು. ನಮ್ಮಿಬ್ಬರ ಪರಿಚಯ ಆದದ್ದು ಹಾಗೆ.

ಅಕ್ಕ ಒಳ್ಳೆಯವಳು ಎಂದು ಯಾರೂ ಹೇಳುತ್ತಿರಲಿಲ್ಲ. ಅವಳ ಬಾಯಿ ದೊಡ್ಡದು. ಕೆರೆಯ ಈ ದಡದಲ್ಲಿ ಯಾರಾದರೂ ಅವಳ ಬಗ್ಗೆ ಪಿಸುಗುಟ್ಟಿದರೆ ಆ ದಡದಿಂದ ಉತ್ತರ ಬರುತ್ತಿತ್ತು. ನನ್ನ ಅತ್ತೆಗೆ ಅವಳನ್ನು ಕಂಡರೆ ಆಗದು, ಆದರೂ ಸಾರಿಗೆ ಮೀನಿಲ್ಲದ ದಿನ ನನ್ನನ್ನು ಅವಳ ಹತ್ತಿರವೇ ಕಳುಹಿಸುತ್ತಿದ್ದರು. ಅಕ್ಕ ಗಾಳ ಹಾಕಿದರೆ ಬರಿಗೈಯಲ್ಲಿ ಏಳುತ್ತಿರಲಿಲ್ಲ. ಕೆರೆಯಲ್ಲಿ ಮೀನು ಅಷ್ಟಿತ್ತು. ಮುಗುಡು, ಕೆಸರಿನಲ್ಲಿ ಹೊರಳುವ ಮೀಸೆಯ ಮೀನು. ಹೆಸರೇ ಇಲ್ಲದ ಬೆಳ್ಳಿ ಬಣ್ಣದ ಸಣ್ಣ ಮೀನುಗಳು. ಎಲ್ಲಕ್ಕಿಂತ ಮೇಲೆ ಮಡೆಂಜಿ. ಹಾವಿನಂಥ ತಲೆ, ತೋಳಿನಷ್ಟು ದಪ್ಪ ಮೈ, ನೀರಿಲ್ಲದಿದ್ದರೂ ತುಂಬ ಹೊತ್ತು ಬದುಕುವ ಗಟ್ಟಿ ಜೀವ. ಮಡೆಂಜಿಯ ಸಾರು ಕುಡಿದರೆ ಬಾಣಂತಿ ಎದ್ದು ಓಡಾಡುತ್ತಾಳೆ ಎಂದು ನಮ್ಮಲ್ಲಿ ನಂಬಿಕೆ.

ಆ ಕೆರೆಗೆ ಒಂದು ಕಟ್ಟಳೆ ಇತ್ತು. ವರ್ಷವಿಡೀ ಗಾಳ ಮಾತ್ರ. ಬಿಸು ಹಬ್ಬ ಕಳೆದು ನೀರು ಮೊಣಕಾಲಿಗೆ ಇಳಿದಾಗ ಒಂದೇ ಒಂದು ದಿನ ಇಡೀ ಊರು ಬಲೆ, ಬಿದಿರಿನ ಕೂಳಿ ಹಿಡಿದು ಇಳಿಯಬಹುದು. ಮಳೆ ಬಿದ್ದ ಮೇಲೆ ಮಾತ್ರ ಗಾಳವೂ ಇಲ್ಲ. ಕಾರ್ತೆಲ್ ತಿಂಗಳ ಮೊದಲ ಮಳೆಗೆ ಮೀನು ಮೊಟ್ಟೆ ಕಟ್ಟುತ್ತದೆ. ಸ್ವಲ್ಪ ದಿನದಲ್ಲಿ ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಮರಿಗಳ ಗುಂಪು. ಅದರ ಅಡಿಯಲ್ಲಿ, ಒಂದು ಮೊಳ ಕೆಳಗೆ, ತಾಯಿ ಮಡೆಂಜಿ. ಗುಂಪು ಹೋದಲ್ಲಿಗೆ ಅದೂ ಹೋಗುತ್ತದೆ. ಕಪ್ಪೆ ಬಂದರೆ ಕಪ್ಪೆಗೆ ಹಾರುತ್ತದೆ, ಬೆರಳು ಅದ್ದಿದರೆ ಬೆರಳಿಗೂ ಹಾರುತ್ತದೆ. ಆ ಹೊತ್ತಿನಲ್ಲಿ ಅದನ್ನು ಹಿಡಿಯುವುದು ಬಹಳ ಸುಲಭ, ಓಡುವುದೇ ಇಲ್ಲ ಅದು. ಅದಕ್ಕೇ ಹಿಡಿಯಬಾರದು ಎಂದು ಕಟ್ಟಳೆ. ಯಾರು ಮಾಡಿದ್ದೋ ಗೊತ್ತಿಲ್ಲ. ಧಣಿಗಳ ಅಜ್ಜ ಎಂದು ಧಣಿಗಳು ಹೇಳುತ್ತಿದ್ದರು. ಹಾಗಿದ್ದರೆ ಆ ಅಜ್ಜನ ಮೊಮ್ಮಗನೇ ಅದನ್ನು ಮುರಿದದ್ದು.

ನಾನು ಹೋದ ಎರಡನೆಯದೋ ಮೂರನೆಯದೋ ಮಳೆಗಾಲ. ಮಳೆ ಶುರುವಾದ ಹೊಸತು, ಮರಿಗಳು ಇನ್ನೂ ಆಗಿರಲಿಲ್ಲ. ಧಣಿಗಳ ಮನೆಗೆ ಮಂಗಳೂರಿನಿಂದ ಕೆಲವರು ದೊಡ್ಡ ಮನುಷ್ಯರು ಕಾರಿನಲ್ಲಿ ಬಂದಿಳಿದರು. ಮರದ ವ್ಯಾಪಾರದ ಮಾತುಕತೆ ಎಂದು ಸುದ್ದಿ. ಮಧ್ಯಾಹ್ನದ ಊಟಕ್ಕೆ ಅವರಿಗೆ ಮಡೆಂಜಿ ಬೇಕು. ಮಳೆಯ ಹೊಸ ನೀರಿಗೆ ಮೀನು ಗಾಳ ಕಚ್ಚುವುದಿಲ್ಲ. ತುಂಬಿದ ಕೆರೆಗೆ ಬಲೆ ಹಾಕಲೂ ಆಗುವುದಿಲ್ಲ. ಆಗ ಧಣಿಗಳಿಗೆ ಆಚೆಮನೆ ಅಣ್ಣನ ನೆನಪಾಯಿತು.

ಅಣ್ಣ ಬೇಸಗೆಯಲ್ಲಿ ಬಾವಿ ತೋಡುವ ಕೆಲಸಕ್ಕೆ ಹೋಗುತ್ತಿದ್ದ. ಅಡಿಯಲ್ಲಿ ಬಂಡೆ ಸಿಕ್ಕಿದರೆ ತೋಟೆ ಇಟ್ಟು ಒಡೆಯುವುದು ಅವನಿಗೆ ಗೊತ್ತಿತ್ತು. ತೋಟೆ ಎಂದರೆ ಸಿಡಿಮದ್ದು ತುಂಬಿದ ಕೊಳವೆ, ಅದಕ್ಕೊಂದು ಬತ್ತಿ. ಅದನ್ನು ನೀರಿಗೆ ಎಸೆದರೆ ಮೀನು ಸತ್ತು ತೇಲುತ್ತದೆ ಎಂದು ಹೊಳೆಬದಿಯ ನಮಗೂ ಗೊತ್ತಿತ್ತು. ನಮ್ಮೂರಲ್ಲಿ ಅದನ್ನು ಕಳ್ಳರು ಮಾಡುತ್ತಿದ್ದರು. ಇಲ್ಲಿ ಧಣಿಗಳೇ ಆಳು ಕಳಿಸಿದರು.

ನಾನು ಆ ಬೆಳಿಗ್ಗೆ ಅಕ್ಕನ ಮನೆಯ ಜಗಲಿಯಲ್ಲಿದ್ದೆ, ಹುಳಿ ಕೇಳಲು ಹೋದವಳು. ಅಣ್ಣ ತೋಟೆಯ ಗಂಟನ್ನು ಮಾಡಿನ ಸಂದಿಯಿಂದ ತೆಗೆಯುತ್ತಿದ್ದ. ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಮೊಟ್ಟೆ ಕಟ್ಟಿದ ಹೊತ್ತು. ಈಗ ತೋಟೆ ಹಾಕಿದರೆ ತಾಯಿಯೂ ಹೋಯಿತು, ಮೊಟ್ಟೆಯೂ ಹೋಯಿತು. ಮುಂದಿನ ವರ್ಷಕ್ಕೆ ಎಂತ ಉಂಟು ಕೆರೆಯಲ್ಲಿ?"

"ಧಣಿಗಳು ಹೇಳಿ ಕಳಿಸಿದ್ದು. ಇಲ್ಲ ಅಂತ ಹೇಳುವುದು ಹೇಗೆ?"

"ಬಾಯಿಂದ ಹೇಳುವುದು. ನಿಮಗೆ ಆಗದಿದ್ದರೆ ನಾನು ಹೋಗಿ ಹೇಳ್ತೇನೆ."

"ನೀನು ಹೇಳ್ತೀ. ನಾಳೆ ಗದ್ದೆ ಬಿಡು ಅಂದರೆ ಎಲ್ಲಿಗೆ ಹೋಗುವುದು?" ಎಂದ ಅಣ್ಣ. ಅವನು ಜೋರಾಗಿ ಮಾತಾಡುವವನೇ ಅಲ್ಲ. ಅವಳ ಭುಜವನ್ನು ಮೆಲ್ಲಗೆ ಸರಿಸಿ ಮಳೆಹನಿಗೆ ಇಳಿದು ಹೋದ.

ಮೊದಲ ತೋಟೆ ಸಿಡಿದಾಗ ನಾವಿಬ್ಬರೂ ಜಗಲಿಯಲ್ಲೇ ಇದ್ದೆವು. ಕೆರೆ ಒಮ್ಮೆ ಉಬ್ಬಿ ಕೆಳಗೆ ಬಿತ್ತು. ಆಮೇಲೆ ಮೀನು ತೇಲತೊಡಗಿತು, ಬಿಳಿ ಹೊಟ್ಟೆ ಮೇಲಾಗಿ. ದೊಡ್ಡದು, ಸಣ್ಣದು, ಯಾರಿಗೂ ಬೇಡದ ಬೆರಳುದ್ದದ್ದು, ಎಲ್ಲ. ದಡದಲ್ಲಿ ಕೊಡೆ ಹಿಡಿದು ನಿಂತ ಪೇಟೆಯವರು ಚಪ್ಪಾಳೆ ತಟ್ಟಿದರು. ನನ್ನ ಮಾವ ಇನ್ನಿಬ್ಬರು ಒಕ್ಕಲಿನವರ ಜೊತೆ ಬುಟ್ಟಿ ಹಿಡಿದು ನೀರಿಗಿಳಿದು ಹೆಕ್ಕುತ್ತಿದ್ದರು. ಧಣಿಗಳು ಬುಟ್ಟಿಯನ್ನು ಬಗ್ಗಿ ನೋಡಿ, "ದೊಡ್ಡದು ಬರಲಿಲ್ಲ. ಆ ಮೂಲೆಗೆ ಇನ್ನೊಂದು ಹಾಕುವ" ಎಂದದ್ದು ಗಾಳಿಯಲ್ಲಿ ನಮಗೂ ಕೇಳಿಸಿತು.

ಎರಡನೆಯದರ ಬತ್ತಿ ಒದ್ದೆಯಾಗಿತ್ತು. ಹೊತ್ತಲಿಲ್ಲ. ಅಣ್ಣ ಅದನ್ನು ಗಿಡ್ಡಕ್ಕೆ ಕತ್ತರಿಸಿ ಮತ್ತೆ ಬೆಂಕಿ ಮುಟ್ಟಿಸಿದ...

ಆ ಸದ್ದು ಬೇರೆ ಥರ ಇತ್ತು. ನೀರಿನೊಳಗಿನ ಸದ್ದಲ್ಲ. ಅಕ್ಕ ಓಡಿದಳು, ಅವಳ ಹಿಂದೆ ನಾನು. ಅಣ್ಣ ಕೆಸರಿನಲ್ಲಿ ಕುಳಿತಿದ್ದ, ಬಿದ್ದಿರಲೂ ಇಲ್ಲ. ಬಲಗೈ ಮಣಿಕಟ್ಟಿನಿಂದ ಕೆಳಗೆ ಇರಲಿಲ್ಲ. ಒಂದು ಕಣ್ಣಿನ ಜಾಗದಲ್ಲಿ ರಕ್ತ. ಸುಟ್ಟ ಮದ್ದಿನ ಹೊಗೆ, ಒದ್ದೆ ಮಣ್ಣು. ನಾನು ಹೇಳಿದ ವಾಸನೆ ಅದು.

ಧಣಿಗಳು ಕಾರು ಕೊಟ್ಟರು. ಊರಿನವರು ಇವತ್ತಿಗೂ ಅದನ್ನು ಹೇಳುತ್ತಾರೆ, ಎಷ್ಟು ದೊಡ್ಡ ಮನಸ್ಸು, ಒಕ್ಕಲಿನವನಿಗೆ ಸ್ವಂತ ಕಾರು ಕೊಟ್ಟರು ಎಂದು. ಕಾರಿನಲ್ಲಿ ಅಣ್ಣನ ಪಕ್ಕ ಕುಳಿತದ್ದು ಅಕ್ಕ ಅಲ್ಲ. ಅವಳಿಗೆ ಜಾಗ ಇಲ್ಲವೆಂದರು. ಕುಳಿತದ್ದು ಧಣಿಗಳ ಅಳಿಯ. ಮಂಗಳೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಣ್ಣನಿಗೆ ಪಾಠ ಆಗಿತ್ತು. ದೈವದ ನೇಮೋತ್ಸವಕ್ಕೆ ತಂದು ಉಳಿದಿದ್ದ ಗರ್ನಾಲು, ಒದ್ದೆಯಾದದ್ದನ್ನು ಒಣಗಿಸಲು ಹೋದಾಗ ಕೈಯಲ್ಲಿ ಸಿಡಿಯಿತು. ಹಾಗೆಂದು ಹೇಳಿದರೆ ಗದ್ದೆ ಉಳಿಯುತ್ತದೆ.

ಆ ಸಂಜೆ ನಮ್ಮ ಮನೆಗೆ ಒಂದು ಬುಟ್ಟಿ ಮೀನು ಬಂತು. ಎಲ್ಲ ಒಕ್ಕಲು ಮನೆಗಳಿಗೂ ಬಂತು. ಅಂಥ ಉಡುಗೊರೆ ಧಣಿಗಳು ಅದಕ್ಕೆ ಮೊದಲು ಕೊಟ್ಟದ್ದಿಲ್ಲ, ಆಮೇಲೂ ಕೊಡಲಿಲ್ಲ. ಅತ್ತೆ ಒಂದು ಮಡೆಂಜಿಯ ಹೊಟ್ಟೆ ಸೀಳಿದಾಗ ಎರಡೂ ಬದಿಯಲ್ಲಿ ಹಳದಿ ಮೊಟ್ಟೆಯ ಚೀಲಗಳು. ಅವರ ಕತ್ತಿ ಸ್ವಲ್ಪ ಹೊತ್ತು ನಿಂತಿತು. ಮಾವ ಜಗಲಿಯಿಂದ, "ಎಂತ ನೋಡುವುದು, ಬೇಗ ಬೇಯಿಸು" ಎಂದರು.

ಆಸ್ಪತ್ರೆಯಿಂದ ಪೊಲೀಸರಿಗೆ ಸುದ್ದಿ ಹೋಗಿರಬೇಕು. ಮರುದಿನವೇ ಒಬ್ಬ ಅಧಿಕಾರಿ ವಿಚಾರಣೆಗೆಂದು ಬಂದ. ವಿಚಾರಣೆ ನಡೆದದ್ದು ಧಣಿಗಳ ಚಾವಡಿಯಲ್ಲಿ, ಅವರದೇ ಕುರ್ಚಿಯಲ್ಲಿ ಕುಳಿತು, ಅವರದೇ ಎಳನೀರು ಕುಡಿಯುತ್ತ. ಒಕ್ಕಲಿನವರು ಅಂಗಳದಲ್ಲಿ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಹೇಳಿದರು. ಗರ್ನಾಲು. ಗರ್ನಾಲು. ನನ್ನ ಮಾವನ ಸರದಿ ಬಂದಾಗ ಅವರು ಸ್ವಲ್ಪ ಬೆಣ್ಣೆಯನ್ನೂ ಸವರಿದರು: "ಧಣಿಗಳು ಆವಾಗ ಊಟದ ಮನೆಯಲ್ಲಿದ್ದರು ಸ್ವಾಮಿ. ಸದ್ದು ಕೇಳಿ ಓಡಿ ಬಂದರು." ನಾವು ಹೆಂಗಸರು ಹೊರಗಿನ ಕಟ್ಟೆಯ ಹತ್ತಿರ ನಿಂತು ಕೇಳುತ್ತಿದ್ದೆವು. ಮೊಣಕಾಲುದ್ದ ನೀರಿನಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಮನುಷ್ಯ, ತಲೆಗೆ ಮುಂಡಾಸು ಸುತ್ತಿ ಅಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ನಾನು ಕಣ್ಣಾರೆ ಕಂಡೆ. ಆ ದಿನದಿಂದ ಅವರಿಗೆ ಅನ್ನ ಬಡಿಸುವಾಗ ನಾನು ಮುಖ ನೋಡಿ ಬಡಿಸಿದ್ದಿಲ್ಲ.

ಅಕ್ಕನನ್ನು ಯಾರೂ ಕರೆದಿರಲಿಲ್ಲ. ಅವಳೇ ಬಂದಳು. ತಲೆಯ ಮೇಲೆ ಗೆರಸೆ, ಅದರ ಮೇಲೆ ಬಾಳೆಲೆ ಮುಚ್ಚಿತ್ತು. ನೇರ ಚಾವಡಿಯ ಮೆಟ್ಟಿಲಿಗೆ ಹೋಗಿ ಅಧಿಕಾರಿಯ ಕಾಲ ಬುಡದಲ್ಲಿ ಇಳಿಸಿ ಎಲೆ ತೆಗೆದಳು. ನಾತ ಅಂಗಳದ ತುದಿಗೂ ಬಂತು. ರಾತ್ರಿಯೆಲ್ಲ ಮಳೆಗೆ ದಡಕ್ಕೆ ಬಂದು ಬಿದ್ದ ಮೀನುಗಳು. ಹೊಟ್ಟೆ ಒಡೆದವು, ಕಣ್ಣು ಹೊರಗೆ ಬಂದವು.

"ನನ್ನ ಗಂಡನ ಕೈಯಲ್ಲಿ ಗರ್ನಾಲು ಸಿಡಿಯಿತಂತೆ. ಇರಬಹುದು. ಹಾಗಾದರೆ ಕೆರೆಯ ಮೀನು ಸತ್ತದ್ದು ಹೇಗೆ ಸ್ವಾಮಿ?"

ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಧಣಿಗಳ ಕಡೆ ನೋಡಿದ. ಧಣಿಗಳು ಮಾಡಿನ ಕಡೆ ನೋಡಿದರು. ಆಗ ಬಾಯಿ ಬಿಟ್ಟದ್ದು ನನ್ನ ಮಾವ. "ಗಂಡನಿಗೆ ಹೀಗಾಯಿತಲ್ಲ, ಪಾಪ. ತಲೆ ಸ್ವಲ್ಪ ಸರಿ ಇಲ್ಲ ಅವಳದ್ದು."

ಅಧಿಕಾರಿಗೆ ಬೇಕಾದದ್ದು ಸಿಕ್ಕಿತು. "ನೋಡುವ" ಎಂದು ಎದ್ದ. ಆ ‘ನೋಡುವ’ ಎಂದಿಗೂ ಮುಗಿಯಲಿಲ್ಲ. ಆಸ್ಪತ್ರೆಯಲ್ಲಿ ಅಣ್ಣನೂ ಗರ್ನಾಲು ಎಂದೇ ಹೇಳಿದ್ದ. ಗಂಡನೇ ಹಾಗೆ ಹೇಳಿದ ಮೇಲೆ ಹೆಂಡತಿಯ ಮಾತು ಯಾರಿಗೆ ಬೇಕು?

ಮರುವರ್ಷ ಬಿಸು ಕಳೆದ ಮೇಲೆ ಊರು ಕೆರೆಗಿಳಿಯಿತು. ಬಲೆ ಎಳೆದರೆ ಕೆಸರು, ನೀರುಹಾವು, ಕಪ್ಪೆಮರಿ. ಒಂದೆರಡು ಬಡಕಲು ಮುಗುಡು. ಒಂದು ಮಡೆಂಜಿಯೂ ಇಲ್ಲ. ಇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬರಿಗೈಯಲ್ಲಿ ಮೇಲೆ ಬಂದರು. ಎಲ್ಲರಿಗೂ ಕಾರಣ ಗೊತ್ತಿತ್ತು. ಯಾರೂ ಹೇಳುವ ಹಾಗಿರಲಿಲ್ಲ. ಹೇಳಿದರೆ ತೋಟೆ ಹಾಕಿದ್ದು ನಿಜವೆಂದಾಗುತ್ತದಲ್ಲ. ಅದಕ್ಕೆ ಇನ್ನೊಂದು ಕಾರಣ ಹುಟ್ಟಿತು. ಆಚೆಮನೆಯವಳ ಶಾಪ. ಅವಳು ಮೀನನ್ನು ಧಣಿಗಳ ಚಾವಡಿಯಲ್ಲಿಟ್ಟು ಶಪಿಸಿದಳು, ಅದಕ್ಕೆ ಕೆರೆ ಬರಡಾಯಿತು, ಅವಳು ದೈವಕ್ಕೆ ತಪ್ಪುಕಾಣಿಕೆ ಇಡಬೇಕು. ನನ್ನ ಅತ್ತೆಯೂ ಅದನ್ನೇ ಹೇಳಿದರು. ಇದನ್ನು ಬರೆಯುವಾಗಲೂ ನಾನು ಹಲ್ಲು ಕಡಿಯುತ್ತೇನೆ. ಕೈ ಕಳೆದುಕೊಂಡವನ ಹೆಂಡತಿ ತಪ್ಪುಕಾಣಿಕೆ ಇಡಬೇಕಂತೆ.

ಅಕ್ಕನಿಗೆ ಸುದ್ದಿ ತಲುಪದೆ ಇರುತ್ತದೆಯೇ. ಕೆರೆಯ ಆ ದಡದಲ್ಲಿ ನಿಂತು ಈ ದಡದವರಿಗೆಲ್ಲ ಕೇಳುವ ಹಾಗೆ ಹೇಳಿದಳು: "ನನ್ನ ಶಾಪಕ್ಕೆ ಅಷ್ಟು ಶಕ್ತಿ ಇದ್ದರೆ ನಾನು ಅದನ್ನು ಮೀನಿನ ಮೇಲೆ ಯಾಕೆ ಹಾಕಲಿ? ಹಾಕುವ ಜಾಗ ನನಗೆ ಗೊತ್ತುಂಟು."

ತಪ್ಪುಕಾಣಿಕೆ ಅವಳು ಇಡಲಿಲ್ಲ. ಬದಲಿಗೆ ಮಾಡಿದ್ದು ಬೇರೆಯೇ. ಆ ಸಲ ಮಳೆ ಬಂದಾಗ ತೋಡು ಹಳ್ಳಗಳ ನೀರು ಗದ್ದೆಗೇರಿತು. ಹೊಸ ನೀರಿಗೆ ಮೀನು ಎದುರು ಈಜಿ ಗದ್ದೆಗೆ ಹತ್ತುತ್ತದೆ. ನಾವು ಅದಕ್ಕೆ ಉಬರು ಎನ್ನುತ್ತೇವೆ. ಊರಿನವರೆಲ್ಲ ಉಬರಿನ ಮೀನನ್ನು ಕಡಿದು ಸಾರು ಮಾಡುವಾಗ ಅಕ್ಕ ಶಿರ್ತಾಡಿ ಕಡೆಯ ತೋಡುಗಳವರೆಗೆ ಹೋಗಿ, ಕೂಳಿ ಇಟ್ಟು ಹಿಡಿದ ಮಡೆಂಜಿ, ಮುಗುಡುಗಳನ್ನು ಮಣ್ಣಿನ ಮಡಕೆಯಲ್ಲಿ ನೀರು ಹಾಕಿ, ಸೊಂಟದ ಮೇಲೆ ಹೊತ್ತು ತಂದು ನಮ್ಮ ಕೆರೆಗೆ ಬಿಡತೊಡಗಿದಳು. ಜನ ನಕ್ಕರು. ಹೊಟ್ಟೆಗಿಲ್ಲದವಳು ಮೀನು ಹಿಡಿದು ನೀರಿಗೆ ಬಿಡುತ್ತಾಳೆ ಎಂದರು. ನಾನೂ ಕೆಲವು ಸಲ ಮಡಕೆ ಹೊತ್ತೆ. ಅತ್ತೆಗೆ ಗೊತ್ತಾಗಿ ಬೈದರು. ಬೈಸಿಕೊಂಡು ಮತ್ತೆ ಹೋದೆ.

ಅಣ್ಣ ಆಗ ಮನೆಯಲ್ಲೇ ಇರುತ್ತಿದ್ದ. ಅವನೂ ಅಕ್ಕನೂ ಮಾತಾಡುತ್ತಿದ್ದುದು ಬಹಳ ಕಡಿಮೆ. ಒಮ್ಮೆ ನಾನು ಕೇಳಿಬಿಟ್ಟೆ, "ಅಣ್ಣನ ಮೇಲೆ ಸಿಟ್ಟಾ ಅಕ್ಕ?" ಅವಳು ಮಡಕೆಯನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿ, "ಸುಳ್ಳು ಹೇಳಿದ್ದಕ್ಕೆ ಅಲ್ಲ. ಹೆದರಿದವರು ಸುಳ್ಳು ಹೇಳ್ತಾರೆ. ನಾನು ಆ ಹೊತ್ತು ಸತ್ಯ ಹೇಳಿದ್ದಕ್ಕೆ ಅವರು ನನ್ನ ಮೇಲೆ ಸಿಟ್ಟು ಮಾಡಿದ್ದಾರಲ್ಲ, ಅದಕ್ಕೆ ಸಿಟ್ಟು" ಎಂದಳು. ಆದರೆ ಆ ಮನೆಯ ಕೂಳಿಗಳನ್ನು ಎಡಗೈಯಲ್ಲಿ, ಕಾಲ್ಬೆರಳುಗಳ ನಡುವೆ ಬಿದಿರ ಸೀಳು ಸಿಕ್ಕಿಸಿ ಹೆಣೆಯುತ್ತಿದ್ದವನು ಅವನೇ ಎಂಬುದನ್ನೂ ನಾನು ನೋಡಿದ್ದೆ.

ಮೂರ್ನಾಲ್ಕು ಮಳೆಗಾಲ ಹೀಗೆ ಹೋಯಿತು. ಯಾರಾದರೂ ಕದ್ದು ಬಲೆ ಹಾಕಲು ಬಂದರೆ ಅಕ್ಕ ಕತ್ತಿ ಹಿಡಿದೇ ದಡಕ್ಕೆ ಬರುತ್ತಿದ್ದಳು. ಕಡಿಯುತ್ತಿದ್ದಳೋ ಇಲ್ಲವೋ, ಪರೀಕ್ಷೆ ಮಾಡಲು ಯಾರಿಗೂ ಧೈರ್ಯ ಇರಲಿಲ್ಲ. ತಲೆ ಸರಿ ಇಲ್ಲದವಳು ಎಂದು ಊರೇ ಹೇಳಿತ್ತಲ್ಲ, ಆ ಮಾತು ಈಗ ಅವಳಿಗೆ ಉಪಕಾರಕ್ಕೆ ಬಂತು.

ಒಂದು ಬೆಳಿಗ್ಗೆ ಅಕ್ಕ ಗದ್ದೆಯ ಬದುವಿನಲ್ಲಿ ನಿಂತು ನನ್ನನ್ನು ಕೂಗಿದಳು. ನಾನು ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಹೋದೆ. ಗಂಡ ನಡುವೆ ಊರಿಗೆ ಬಂದು ಹೋಗಿದ್ದರು, ಅಷ್ಟರಲ್ಲಿ ನನಗೆ ಮಗ ಹುಟ್ಟಿದ್ದ. ಅವಳು ತಾವರೆ ಎಲೆಗಳ ನಡುವೆ ಕೈ ತೋರಿಸಿದಳು. ನೀರಿನ ಮೇಲೆ ಕೆಂಪು. ನೂರಾರು ಮರಿಗಳು, ಕುದಿಯುವ ಹಾಗೆ ಮೇಲೆ ಕೆಳಗೆ. ಅಡಿಯಲ್ಲಿ ಕಪ್ಪು ನೆರಳು, ನಿಧಾನಕ್ಕೆ ಜೊತೆಯಲ್ಲೇ. ಅಷ್ಟು ಬಾಯಿ ಇದ್ದ ಹೆಂಗಸು ನನ್ನ ಮಗನ ಬೆರಳನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು...

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯಬೇಕಿರಲಿಲ್ಲ.

ಕೆರೆಯಲ್ಲಿ ಮತ್ತೆ ಮೀನು ಬಂತು ಎಂದು ತಿಳಿದದ್ದೇ ಧಣಿಗಳಿಗೆ ಅದು ತಮ್ಮ ಕೆರೆ ಎಂಬುದೂ ನೆನಪಾಯಿತು. ಆದರೆ ಅವರಿಗೆ ಆ ಮೀನು ಬೇಡ. ಆ ಕಾಲದಲ್ಲಿ ಎಲ್ಲದಕ್ಕೂ ಹೊಸತು ಬರುತ್ತಿತ್ತು. ಹೊಸ ಭತ್ತ, ಹೊಸ ಗೊಬ್ಬರ, ಹಾಗೆಯೇ ಹೊಸ ಮೀನು. ದೂರದಿಂದ ತಂದು ಬಿಟ್ಟರೆ ಬೇಗ ಬೆಳೆಯುತ್ತದೆ, ಪೇಟೆಗೆ ಹೋಗುತ್ತದೆ. ಧಣಿಗಳು ಕೆರೆಯನ್ನು ಒಬ್ಬ ಗುತ್ತಿಗೆದಾರನಿಗೆ ವಹಿಸಿದರು. ಅವನು ಒಂದು ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ತಗಡಿನ ಡಬ್ಬಿಗಳನ್ನು ಹೇರಿಕೊಂಡು ಬಂದ. ಭತ್ತದ ಹುಳಕ್ಕೆ ಹೊಡೆಯುವ ಹೊಸ ವಿಷ.

ಊರಿನವರು ನೋಡಲು ಸೇರಿದ್ದರು. ಗುತ್ತಿಗೆದಾರ ವಿವರಿಸುತ್ತಿದ್ದ. "ಈಗ ಇರುವುದೆಲ್ಲ ಕಾಡುಮೀನು. ಅದು ಇದ್ದರೆ ನಮ್ಮ ಮರಿ ಉಳಿಯುವುದಿಲ್ಲ, ತಿಂದು ಹಾಕ್ತದೆ. ಮೊದಲು ಕೆರೆ ಕ್ಲೀನ್ ಮಾಡಬೇಕು."

ಅವನು ಡಬ್ಬಿಯ ಬಾಯಿ ಬಿಚ್ಚುವಾಗ ಅಕ್ಕ ಸೀರೆಯನ್ನು ಮೇಲೆ ಕಟ್ಟಿ ಕೆರೆಗೆ ಇಳಿದಳು. ಸೊಂಟದವರೆಗೆ ನೀರು ಬರುವಲ್ಲಿ ಹೋಗಿ ತಿರುಗಿ ನಿಂತಳು.

"ಹಾಕಿ ಈಗ."

ಗುತ್ತಿಗೆದಾರ ಧಣಿಗಳ ಮುಖ ನೋಡಿದ. ಧಣಿಗಳು, "ಮೇಲೆ ಬಾ ಹೆಂಗಸೇ. ಇದು ನನ್ನ ಕೆರೆ" ಎಂದರು.

"ಆಗಲಿ, ನಿಮ್ಮದೇ. ಮೀನು ನಾನು ತಂದದ್ದು. ಹೊತ್ತು ತಂದದ್ದನ್ನು ಇವರೆಲ್ಲ ನೋಡಿದ್ದಾರೆ, ನಕ್ಕಿದ್ದಾರೆ. ವಿಷ ಹಾಕುವುದಾದರೆ ನನ್ನ ಮೇಲೆಯೇ ಹಾಕಿ."

ಬಿಸಿಲು ಏರಿತು. ಅವಳು ಮೇಲೆ ಬರಲಿಲ್ಲ, ಇವರು ಹಾಕಲೂ ಇಲ್ಲ. ನನ್ನ ಮಾವ ದಡದಲ್ಲಿ ನಿಂತು ಅದೇ ಹಳೆಯ ಮಾತನ್ನು ತೆಗೆದರು, ಇವಳದ್ದು ತಲೆ ಸರಿ ಇಲ್ಲ, ಎಳೆದು ತಂದು ಕಟ್ಟಿಹಾಕುವ ಎಂದು. ಇಬ್ಬರು ಆಳುಗಳು ನೀರಿಗೆ ಕಾಲಿಟ್ಟರು. ಆಗ ಗುಂಪಿನ ಹಿಂದಿನಿಂದ ಆಚೆಮನೆ ಅಣ್ಣ ಬಂದ. ಅವನು ನಾಲ್ಕು ಜನರ ನಡುವೆ ಬರುವುದನ್ನೇ ಬಿಟ್ಟಿದ್ದ. ಆಳುಗಳನ್ನು ದಾಟಿ ಅವನೂ ನೀರಿಗಿಳಿದು ಹೆಂಡತಿಯ ಪಕ್ಕ ನಿಂತ. ಮೊಂಡುಗೈಯನ್ನು ಯಾವಾಗಲೂ ಬೈರಾಸಿನಿಂದ ಮುಚ್ಚಿಕೊಳ್ಳುತ್ತಿದ್ದವನು ಅವತ್ತು ಬೈರಾಸನ್ನು ತೆಗೆದು ಹೆಗಲಿಗೆ ಹಾಕಿಕೊಂಡ.

"ಅವಳದ್ದು ತಲೆ ಸರಿ ಉಂಟು" ಎಂದ. ಮೆಲ್ಲಗೆ, ಅವನ ಮಾತೇ ಹಾಗೆ. ಆದರೆ ದಡದವರೆಗೂ ಕೇಳಿಸಿತು. "ನನ್ನ ಕೈ ಹೋದದ್ದು ಗರ್ನಾಲಿಗಲ್ಲ. ತೋಟೆಗೆ. ಧಣಿಗಳು ಹಾಕಿಸಿದ್ದು. ಅವರು ಊಟದ ಮನೆಯಲ್ಲಿ ಇರಲಿಲ್ಲ, ಈಗ ನಿಂತಿದ್ದಾರಲ್ಲ, ಅಲ್ಲಿಯೇ ನಿಂತಿದ್ದರು. ಮೀನು ಹೆಕ್ಕಿದವರು ಯಾರೆಂದೂ ಹೇಳ್ತೇನೆ ಬೇಕಾದರೆ."

ನಾನು ಮಾವನ ಮುಖ ನೋಡಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ ನೇರವಾಗಿ ನೋಡಿದೆ. ಅವರು ಮುಂಡಾಸು ಬಿಚ್ಚಿ ಬೆವರು ಒರೆಸಿಕೊಳ್ಳುತ್ತ ಗುಂಪಿನ ಹಿಂದಕ್ಕೆ ಸರಿದರು. ಧಣಿಗಳು ತಿರುಗಿ ಮನೆಯ ಕಡೆ ನಡೆದರು. ಗುತ್ತಿಗೆದಾರ ಡಬ್ಬಿಗಳನ್ನು ಮತ್ತೆ ಗಾಡಿಗೆ ಏರಿಸಿದ. ಕೆರೆಯಲ್ಲಿ ಅಕ್ಕ ಗಂಡನ ಕಡೆ ತಿರುಗಿ, "ಇಷ್ಟು ದಿನ ಬೇಕಾಯಿತಾ ನಿಮಗೆ" ಎಂದಳು. ಬೈದಳೋ ಅತ್ತಳೋ, ನನಗೆ ಇವತ್ತೂ ಸರಿಯಾಗಿ ಗೊತ್ತಿಲ್ಲ.

ಗೆದ್ದರು ಎಂದೇ ನಾನು ತಿಳಿದೆ. ಸಣ್ಣ ಪ್ರಾಯ, ಸತ್ಯ ಹೇಳಿದರೆ ಸಾಕು ಎಂದು ನಂಬಿದ್ದೆ.

ಗೇಣಿಯವರಿಗೆ ಭೂಮಿ ಕೊಡುವ ಕಾನೂನು ಬರುತ್ತದೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಧಣಿಗಳು ಅಲ್ಲಲ್ಲಿ ಒಕ್ಕಲು ಬಿಡಿಸುತ್ತಿದ್ದ ಕಾಲ. ಕೊಯ್ಲು ಮುಗಿದ ಮೇಲೆ ಅಕ್ಕನ ಮನೆಗೆ ಆಳು ಬಂದ. ಒಂದು ಕೈಯವನು ಗದ್ದೆ ಮಾಡುವುದು ಹೇಗೆ, ಭೂಮಿ ಹಾಳಾಗುತ್ತದೆ, ಬಿಟ್ಟು ಹೋಗಬೇಕು. ಆ ಕೈ ಹೋದದ್ದು ಯಾರ ಊಟಕ್ಕೆ ಎಂದು ಕೇಳುವವರು ಊರಿನಲ್ಲಿ ಇರಲಿಲ್ಲ. ಸತ್ಯವನ್ನು ಎಲ್ಲರೂ ಕೇಳಿಯಾಗಿತ್ತು, ಕೇಳಿ ಮನೆಗೆ ಹೋಗಿಯಾಗಿತ್ತು.

ಅವರು ಘಟ್ಟಕ್ಕೆ ಹೊರಟರು, ಕಾಫಿ ತೋಟಕ್ಕೆ. ನಾನು ಬೆಳ್ತಂಗಡಿಗೆ ಹೋಗುವ ಬಸ್ಸಿನವರೆಗೆ ಜೊತೆಗೆ ಹೋದೆ. ಅಕ್ಕನ ತಲೆಯ ಮೇಲೆ ಒಂದು ಗಂಟು, ಅಣ್ಣನ ಹೆಗಲಿನಲ್ಲಿ ಒಂದು ಚಾಪೆ. ನಾನು ಅಳತೊಡಗಿದೆ. ಅವಳು ಅವತ್ತೂ ಬೈದಳು. "ಅಳುವುದೆಂತಕ್ಕೆ? ಅವರು ವಿಷ ಹಾಕ್ತಾರೆ, ನಾನು ಇಲ್ಲ ಅಂತ ಗೊತ್ತಾದ ಕೂಡಲೆ ಹಾಕ್ತಾರೆ. ನೀನು ಆ ನೀರು ಮುಟ್ಟಬೇಡ, ಮಗುವನ್ನೂ ಬಿಡಬೇಡ." ಬಸ್ಸು ಬಂತು. ಹತ್ತಿದಳು. ಕಿಟಕಿಯ ಹತ್ತಿರ ಅಣ್ಣ ಕುಳಿತಿದ್ದ, ಅವಳ ಮುಖ ಕಾಣಲಿಲ್ಲ.

ಅವಳು ಹೇಳಿದ ಹಾಗೆಯೇ ಆಯಿತು. ಆ ವಾರವೇ ಡಬ್ಬಿಗಳು ಬಂದವು. ನೀರಿನ ಬಣ್ಣ ಹಾಲಿನ ಹಾಗಾಯಿತು. ಮಡೆಂಜಿಗಳು ಗಾಳಿಗೆ ಬಾಯಿ ತೆರೆಯುತ್ತ ದಡಕ್ಕೆ ಹತ್ತಿ ಬಂದು ಸತ್ತವು. ಕಪ್ಪೆ ಸತ್ತಿತು, ಏಡಿ ಸತ್ತಿತು, ನೀರು ಕುಡಿದ ಎರಡು ಕರುಗಳೂ ಸತ್ತವು. ಹೊಸ ಮೀನಿನ ಮರಿ ಬಿಟ್ಟರು. ಮೊದಲ ಮಳೆಗಾಲದಲ್ಲಿ ಕೋಡಿ ಒಡೆದು ಅದರಲ್ಲಿ ಅರ್ಧ ಹೊಳೆಗೆ ಹೋಯಿತು, ಉಳಿದದ್ದು ಯಾಕೋ ಬದುಕಲಿಲ್ಲ. ಗುತ್ತಿಗೆದಾರ ಮತ್ತೆ ಬರಲಿಲ್ಲ. ಕೆರೆ ಹಾಗೆಯೇ ಪಾಳುಬಿತ್ತು.

ಅಕ್ಕನ ಗದ್ದೆಯನ್ನು ಧಣಿಗಳು ಯಾರಿಗೆ ಕೊಟ್ಟರು ಎಂದು ಹೇಳಬೇಕಲ್ಲ. ನನ್ನ ಮಾವನಿಗೆ ಕೊಟ್ಟರು. ಆಮೇಲೆ ಕಾನೂನು ಬಂದಾಗ ಅದು ನಮ್ಮದೇ ಆಯಿತು. ಆ ಗದ್ದೆಯಲ್ಲಿ ಈಗ ನನ್ನ ಮಗ ರಬ್ಬರು ಹಾಕಿದ್ದಾನೆ. ಗಂಡ ಬೊಂಬಾಯಿಯಿಂದ ಬಂದಾಗ ನಾನು ಅವರ ಹತ್ತಿರ ಜಗಳ ಮಾಡಿದೆ, ಆ ಗದ್ದೆ ನಮಗೆ ಬೇಡ ಎಂದು. "ನಾವು ಬಿಟ್ಟರೆ ಇನ್ನೊಬ್ಬರು ತೆಗೆದುಕೊಳ್ತಾರೆ, ಆಚೆಮನೆಯವರಿಗೆ ಸಿಗುತ್ತದಾ ತಿರುಗಿ?" ಎಂದರು. ಅದು ನಿಜ. ನಿಜ ಎಂಬುದರಿಂದ ನನ್ನ ಸಿಟ್ಟು ಕಡಿಮೆಯಾಗಲಿಲ್ಲ.

ಬಹಳ ವರ್ಷಗಳ ನಂತರ, ಉಜಿರೆಯಲ್ಲಿ ಮಗಳನ್ನು ಹಾಸ್ಟೆಲಿಗೆ ಬಿಡಲು ಹೋದಾಗ, ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರ ಕಡೆಯ ಒಬ್ಬ ಮುದುಕ ಸಿಕ್ಕಿದ. ಅದೇ ತೋಟದಲ್ಲಿ ಕೆಲಸ ಮಾಡಿದವನು. ಅಣ್ಣ ಮೊದಲು ತೀರಿಕೊಂಡನಂತೆ, ಎರಡು ವರ್ಷ ಕಳೆದು ಅಕ್ಕ. ತೋಟದಲ್ಲಿ ನೀರು ನಿಲ್ಲಿಸುವ ಒಂದು ಸಣ್ಣ ಕೆರೆ ಇತ್ತಂತೆ. "ಅದರ ಮೀನಿನ ವಿಷಯಕ್ಕೆ ಆ ಹೆಂಗಸಿಗೂ ತೋಟದ ಲೆಕ್ಕ ಬರೆಯುವ ರೈಟರಿಗೂ ದಿನಾ ಜಗಳ ಮಾರಾಯ್ತಿ. ಮಳೆಗಾಲದಲ್ಲಿ ಯಾರಿಗೂ ಗಾಳ ಹಾಕಲು ಬಿಡುತ್ತಿರಲಿಲ್ಲ" ಎಂದು ಅವನು ನಕ್ಕ. ನಾನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅಳು ನಿಲ್ಲಲಿಲ್ಲ. ಅವಳನ್ನು ಎಲ್ಲಿ ಸುಟ್ಟರು ಎಂದು ಕೇಳಲು ಮರೆತಿದ್ದೆ.

ಈಗ ಕೆರೆಯ ಸುತ್ತ ಕಾಂಕ್ರೀಟಿನ ಗೋಡೆ ಎದ್ದಿದೆ. ಕುಳಿತುಕೊಳ್ಳಲು ಬೆಂಚು, ನಡೆಯಲು ದಾರಿ. ದಾರಿಯ ಬಾಯಿಯಲ್ಲಿ ಕಲ್ಲು ನೆಟ್ಟು ಧಣಿಗಳ ಹೆಸರು ಕೆತ್ತಿದ್ದಾರೆ, ಕೆರೆಯನ್ನು ಕಾಪಾಡಿದ ಹಿರಿಯರು ಎಂದು. ಉದ್ಘಾಟನೆಗೆ ನನಗೂ ಕರೆ ಬಂದಿತ್ತು, ಊರಿನ ಹಿರಿಯ ಹೆಂಗಸು ಎಂದು. ಹೋಗಲಿಲ್ಲ. ಸಂಜೆ ಸೊಸೆ ಅಲ್ಲಿ ಕೊಟ್ಟ ಲಾಡನ್ನು ತಂದು ನನ್ನ ಮುಂದಿಟ್ಟಳು. ಬೇಡ ಎಂದೆ. ಅವಳಿಗೆ ಕಥೆಯೆಲ್ಲ ಗೊತ್ತುಂಟು, ನಾನೇ ಹೇಳಿದ್ದೇನೆ. ಒಳ್ಳೆಯ ಹುಡುಗಿ.

"ಇನ್ನು ಯಾರ ಮೇಲೆ ಸಿಟ್ಟು ಅತ್ತೆ? ಧಣಿಗಳು ಹೋದರು, ನಿಮ್ಮ ಮಾವ ಹೋದರು, ಆ ಪೊಲೀಸ್ ಹೋದ. ಒಬ್ಬರೂ ಇಲ್ಲ ಈಗ."

"ಅಕ್ಕನೂ ಇಲ್ಲ" ಎಂದೆ. "ಅವಳಿಗೆ ಮಕ್ಕಳಿರಲಿಲ್ಲ. ಅವಳ ಸಿಟ್ಟು ಯಾರ ಹತ್ತಿರ ಇರಬೇಕು, ನೀನೇ ಹೇಳು."

ಅವಳು ಲಾಡಿನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.